ಭಾವನವರ ಎರಡು ದಿನಗಳ ಪ್ರವಾಸದ ಪಟ್ಟಿಗೆ ನನ್ನ ಉತ್ತರ

ಭಾವ, ನಮಸ್ಕಾರ. ಮುಂದಿನ ಶನಿವಾರ, ಭಾನುವಾರಕ್ಕೆಂದು ನೀವು ಗುಂಪಿನಲ್ಲಿ ಹಾಕಿರುವ ಪಟ್ಟಿಯನ್ನು ನೋಡಿದೆ. ಬೆಂಗಳೂರಿನಿಂದ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಮುಳ್ಳಯ್ಯನಗಿರಿ, ಧರ್ಮಸ್ಥಳ ಎಲ್ಲವನ್ನೂ ಮುಗಿಸಿಕೊಂಡು ಭಾನುವಾರ ರಾತ್ರಿಯೊಳಗೆ ಮನೆ ಸೇರಬಹುದೇ ಎಂದು ಕೇಳಿದ್ದೀರಿ. ಕಾರು ಓಡಿಸುವ ಮಟ್ಟಿಗೆ ಅದು ಹೇಗೋ ಆದೀತು, ನೋಡುವ ಮಟ್ಟಿಗೆ ಖಂಡಿತ ಆಗದು. ಮೊದಲ ಮೂರು ಊರುಗಳನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಬೇರೊಂದು ವಾರಕ್ಕೆ ಬಿಡಿ ಎಂಬುದು ನನ್ನ ಬಿನ್ನಹ. ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿ ಇಳಿದು ಮತ್ತೆ ಹತ್ತಬೇಕು. ಮುಳ್ಳಯ್ಯನಗಿರಿಯೋ ರಾಜ್ಯದ ಅತಿ ಎತ್ತರದ ಶಿಖರವಾದ್ದರಿಂದ ರಜೆಯ ದಿನಗಳಲ್ಲಿ ಅಲ್ಲಿ ವಾಹನಗಳ ಸಾಲೇ ಅರ್ಧ ದಿನವನ್ನು ನುಂಗಿಬಿಡುತ್ತದೆ.

ಶನಿವಾರ ನಸುಕಿನಲ್ಲೇ ಹೊರಟು ಬಿಸಿಲೇರುವ ಮುನ್ನ ಶ್ರವಣಬೆಳಗೊಳ ತಲುಪಿಬಿಡಿ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲೇ ಹತ್ತಬೇಕು. ಮಧ್ಯಾಹ್ನವಾದರೆ ಬಂಡೆ ಕಾದು ಮಕ್ಕಳು ಅರ್ಧದಲ್ಲೇ ಕುಳಿತುಬಿಡುತ್ತಾರೆ. ಅತ್ತೆಯವರ ಮಂಡಿನೋವಿನ ಚಿಂತೆ ನಿಮಗಿರುವುದು ಸಹಜ, ಆದರೆ ಅಲ್ಲಿ ಡೋಲಿಯ ವ್ಯವಸ್ಥೆ ಇದೆ. ಗಂಗರ ಮಂತ್ರಿ ಚಾವುಂಡರಾಯನು 981ರ ಸುಮಾರಿಗೆ ಮಾಡಿಸಿದ 58 ಅಡಿಯ ಗೊಮ್ಮಟನನ್ನು ಅವರು ಕೆಳಗೆ ನಿಂತು ಕಲ್ಪಿಸಿಕೊಳ್ಳುವಂತಾಗಬಾರದು. ಮೇಲೆ ಹೋದಾಗ ಗೊಮ್ಮಟನ ಕಾಲು, ತೋಳುಗಳನ್ನು ಸುತ್ತಿಕೊಂಡಿರುವ ಬಳ್ಳಿಯನ್ನೂ ಪಾದದ ಬಳಿಯ ಹುತ್ತಗಳನ್ನೂ ಮಕ್ಕಳಿಗೆ ತೋರಿಸಿ, ಬಾಹುಬಲಿಯ ತಪಸ್ಸಿನ ಕತೆಯನ್ನು ಅಲ್ಲಿಯೇ ಹೇಳಿ.

ಊಟವಾದ ಮೇಲೆ ನೇರವಾಗಿ ಹಳೇಬೀಡಿಗೆ ಹೋಗಿ. ಸಂಜೆಯವರೆಗೂ ಬೇರೆಲ್ಲಿಗೂ ಹೋಗುವ ಯೋಚನೆಯೇ ಬೇಡ. ಹೊಯ್ಸಳರ ಕಾಲದ ದೋರಸಮುದ್ರವೇ ಇಂದಿನ ಹಳೇಬೀಡು. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳದಿಂದ ಕಣ್ಣನ್ನು ನಿಧಾನವಾಗಿ ಮೇಲಕ್ಕೆ ಕೊಂಡೊಯ್ದರೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿಯ ಕೆತ್ತನೆ, ಕುದುರೆ ಸವಾರರು, ಪುರಾಣದ ಕತೆಗಳು, ಮಕರ, ಹಂಸ ಹೀಗೆ ಪಟ್ಟಿಗಳು ಒಂದರ ಮೇಲೊಂದು ಏರುತ್ತವೆ. ಮಕ್ಕಳಿಗೆ ಒಂದು ಕೆಲಸ ಹಚ್ಚಿ: ಅಭಿಮನ್ಯು ಹೊಕ್ಕ ಚಕ್ರವ್ಯೂಹವನ್ನೂ ಕೈಲಾಸವನ್ನು ಎತ್ತುತ್ತಿರುವ ರಾವಣನನ್ನೂ ಅವರೇ ಹುಡುಕಲಿ. ಇಷ್ಟು ಸೂಕ್ಷ್ಮವಾದ ಕೆತ್ತನೆ ಹೇಗೆ ಸಾಧ್ಯವಾಯಿತು ಎಂದು ಅವರು ಕೇಳಿಯೇ ಕೇಳುತ್ತಾರೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ, ಆದ್ದರಿಂದಲೇ ಒಂದೊಂದು ಒಡವೆಯ ಮಣಿಯನ್ನೂ ಬಿಡಿಬಿಡಿಯಾಗಿ ಬಿಡಿಸಲು ಶಿಲ್ಪಿಗಳಿಗೆ ಸಾಧ್ಯವಾಯಿತು. ಹೆಚ್ಚಿನವರು ಇಷ್ಟನ್ನೇ ನೋಡಿ ಬಸ್ಸು ಹತ್ತುತ್ತಾರೆ, ನನಗೆ ಅದೇ ಬೇಸರ. ಸಮೀಪದಲ್ಲೇ ಇರುವ ಜೈನ ಬಸದಿಗಳಿಗೆ ದಯವಿಟ್ಟು ಹೋಗಿ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳಿಗೆ ಎಂಥ ನಯ ಬಂದಿದೆಯೆಂದರೆ ಎದುರು ನಿಂತವರ ನೆರಳು ಅವುಗಳಲ್ಲಿ ಮೂಡುತ್ತದೆ.

ರಾತ್ರಿ ಹಾಸನದಲ್ಲೋ ಬೇಲೂರಿನಲ್ಲೋ ಉಳಿದು ಭಾನುವಾರ ಬೆಳಿಗ್ಗೆ ಚೆನ್ನಕೇಶವನ ದರ್ಶನ ಮಾಡಿ. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರ್ ಅಷ್ಟೇ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವರಿಗೆ ಇಂದಿಗೂ ಪೂಜೆ ನಡೆಯುತ್ತಿದ್ದು, ಮಧ್ಯಾಹ್ನ ಕೆಲ ಹೊತ್ತು ಗರ್ಭಗುಡಿಯ ಬಾಗಿಲು ಹಾಕುವುದರಿಂದ ಬೇಗ ಹೋದಷ್ಟೂ ಒಳ್ಳೆಯದು. ಮದನಿಕೆಯರನ್ನು, ಅಂದರೆ ಸೂರಿನ ಕೆಳಗೆ ನಿಲ್ಲಿಸಿರುವ ಸುಂದರಿಯರ ಶಿಲ್ಪಗಳನ್ನು ನೋಡುವಾಗ ಅವರ ಕಾಲಬಳಿಯ ಬರಹವನ್ನೂ ಗಮನಿಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ. ಒಂಬೈನೂರು ವರ್ಷಗಳ ಹಿಂದಿನ ಕೆಲಸಗಾರನ ಹೆಸರು ಹೀಗೆ ಉಳಿದಿರುವುದನ್ನು ಕಂಡಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಒಳಗೆ ಕತ್ತಲು ಹೆಚ್ಚು, ಆದ್ದರಿಂದ ಮಾನ್ಯತೆ ಪಡೆದ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ಅವರು ದೀಪ ಹಿಡಿದು ಛಾವಣಿಯನ್ನೂ ನರಸಿಂಹ ಕಂಬವನ್ನೂ ತೋರಿಸುತ್ತಾರೆ. ಅದೇ ಪ್ರಾಕಾರದಲ್ಲಿ ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿಯೂ ಇದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸೋಮನಾಥಪುರವನ್ನು ಮೈಸೂರಿಗೆ ಹೋದಾಗ ನೋಡಿದರಾಯಿತು. ಭಾನುವಾರ ಸಮಯ ಮಿಕ್ಕಿದರೆ ಬೇಲೂರು ತಾಲ್ಲೂಕಿನಲ್ಲೇ ಇರುವ ಹಲ್ಮಿಡಿಗೆ ಹೋಗಿ ಬನ್ನಿ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಆ ಶಾಸನದ ಪ್ರತಿಕೃತಿ ಊರಿನಲ್ಲಿದೆ. ಮೂಲಶಾಸನವನ್ನು ಬೇರೆಡೆ ಕಾಪಾಡಿ ಇಟ್ಟಿದ್ದಾರೆ.

ಅತ್ತೆಯವರಿಗೆ ಒಂದು ಜೊತೆ ದಪ್ಪ ಕಾಲುಚೀಲ ಮರೆಯದೆ ಇಟ್ಟುಕೊಳ್ಳಿ, ದೇವಾಲಯ ನಿಂತಿರುವ ಎತ್ತರದ ಕಲ್ಲುಕಟ್ಟೆಯಾದ ಜಗತಿಯ ಮೇಲೆ ನಡೆಯುವಾಗ ಬೇಕಾಗುತ್ತದೆ. ಎಷ್ಟು ಜನ ಹೊರಡುತ್ತೀರಿ ಎಂಬುದನ್ನು ಗುರುವಾರದೊಳಗೆ ತಿಳಿಸಿದರೆ ಹಾಸನದಲ್ಲಿ ಕೋಣೆಗಳನ್ನು ನಾನೇ ವಿಚಾರಿಸಿ ಗೊತ್ತುಮಾಡುತ್ತೇನೆ.