ದೆವ್ವ ಎಲ್ಲಿಯವರೆಗೆ ‘ಅದು’, ಎಲ್ಲಿಂದ ‘ಅವನು’? ಜೊತೆಗೆ ‘ಮರುಳು’ ಕುರಿತು ಒಂದು ಪ್ರಶ್ನೆ

ಗೆಳೆಯನೊಬ್ಬ ಬರೆದ ದೆವ್ವದ ಕಥೆಯ ಕರಡು ತಿದ್ದಲು ಕೂತವನು ಮೂರು ದಿನದಿಂದ ಒಂದು ಸರ್ವನಾಮದ ಎದುರು ಸಿಕ್ಕಿಬಿದ್ದಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಕಥೆ ಇಷ್ಟೇ. ಹಳೆಯ ಮನೆಯೊಂದಕ್ಕೆ ಬಾಡಿಗೆಗೆ ಬಂದ ಯುವಕ ರಾತ್ರಿ ಅರ್ಧ ಓದಿ ಮುಚ್ಚಿಟ್ಟ ಪುಸ್ತಕ, ಬೆಳಗ್ಗೆ ಹತ್ತು ಪುಟ ಮುಂದೆ ತೆರೆದುಕೊಂಡಿರುತ್ತದೆ. ಹಿಂದೆ ಅಲ್ಲಿದ್ದು ಸತ್ತವನೊಬ್ಬ ಇನ್ನೂ ಅಲ್ಲೇ ಇದ್ದಾನೆ, ಇವನು ತರುವ ಪುಸ್ತಕಗಳನ್ನು ಓದುತ್ತಿದ್ದಾನೆ. ಮೊದಲು ಹೆದರಿಕೆ, ಆಮೇಲೆ ಪುಟ ಮಗುಚುವ ಸದ್ದಿಗೆ ಕಾಯುವುದು, ಕೊನೆಗೆ ಇಬ್ಬರು ಗಂಡಸರ ನಡುವಿನ ಒಲವು. ಓದಿ ಬಹಳ ಸಂತೋಷಪಟ್ಟೆ. ಆ ರಾತ್ರಿ ದೀಪ ಆರಿಸದೆ ಮಲಗಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ತೊಡಕು ಇರುವುದು ವ್ಯಾಕರಣದಲ್ಲಿ. ಕನ್ನಡದಲ್ಲಿ ದೆವ್ವ ನಪುಂಸಕಲಿಂಗ: ಬಂತು, ಕೂತಿತು, ನಿಟ್ಟುಸಿರು ಬಿಟ್ಟಿತು. ಹೆದರಿಸುವುದಕ್ಕೆ ಇದು ಬಹಳ ಒಳ್ಳೆಯದು. ‘ಅದು ಬಾಗಿಲ ಹಿಂದೆ ನಿಂತಿತ್ತು’ ಎಂದರೆ ಸಾಕು, ಮುಂದೆ ವರ್ಣನೆ ಬೇಡ. ಆದರೆ ‘ಅದು ಅವನ ಹಣೆಗೆ ಮುತ್ತಿಟ್ಟಿತು’ ಎಂದು ಬರೆದು ನೋಡಿ. ಕಣ್ಣ ಮುಂದೆ ಬರುವುದು ಮಗು. ಅದೂ ನಪುಂಸಕವೇ ತಾನೆ! ಗೆಳೆಯ ಮೊದಲ ಪುಟದಿಂದಲೇ ‘ಅವನು’ ಎಂದು ಬರೆದಿದ್ದ, ಭಯವೆಲ್ಲ ಹಾರಿಹೋಗಿತ್ತು. ನಾನು ಅಷ್ಟನ್ನೂ ‘ಅದು’ ಮಾಡಿದೆ, ಪ್ರೇಮ ಕೆಟ್ಟಿತು.

ಹಾಗಾದರೆ ಬದಲಿಸುವ ಜಾಗ ಯಾವುದು? ನನಗೆ ಹೊಳೆದದ್ದು ‘ಯಾರದು?’ ಎಂಬ ಮಾತು. ಕತ್ತಲಲ್ಲಿ ಸದ್ದಾದರೆ ನಾವೆಲ್ಲ ಹೀಗೇ ಕೂಗುತ್ತೇವೆ. ಮನುಷ್ಯರಿಗೆ ಮಾತ್ರ ಸಲ್ಲುವ ‘ಯಾರು’, ವಸ್ತುವಿಗೆ ಸಲ್ಲುವ ‘ಅದು’, ಎರಡೂ ಒಂದೇ ಉಸಿರಿನಲ್ಲಿ. ಅಲ್ಲಿಯವರೆಗೆ ‘ಏನದು?’ ಎನ್ನುತ್ತಿದ್ದ ಯುವಕ ಒಂದು ರಾತ್ರಿ ‘ಯಾರದು?’ ಎನ್ನಲಿ. ಆಮೇಲೆ ಕೆಲವು ಸಾಲು ಬರೀ ‘ನೀನು’. ಅದಕ್ಕೆ ಲಿಂಗದ ಹಂಗಿಲ್ಲ. ಅದಾದ ಮೇಲೆ ‘ಅವನು’ ತಾನಾಗಿ ಬರುತ್ತದೆ ಎಂದು ನನ್ನ ಅನಿಸಿಕೆ. ಒಪ್ಪುತ್ತೀರಾ?

ಬಂದ ಮೇಲೆ ಇನ್ನೊಂದು ಪೇಚು. ‘ಅವನು ಅವನ ಕೈ ಹಿಡಿದ’ ಎಂದರೆ ಯಾರು ಯಾರದನ್ನು? ಗಂಡು ಹೆಣ್ಣಿನ ಕಥೆ ಬರೆಯುವವರಿಗೆ ಈ ಕಷ್ಟ ಗೊತ್ತೇ ಇರುವುದಿಲ್ಲ. ‘ತನ್ನ’ ಸ್ವಲ್ಪ ದೂರ ಕೈಹಿಡಿಯುತ್ತದೆ. ಅದಕ್ಕಿಂತ ‘ಇವನು’ ಮೇಲು: ಬದುಕಿರುವವನು ಇವನು, ಸತ್ತವನು ಅವನು. ಹತ್ತಿರ ದೂರಗಳ ಈ ಜೋಡಿ ಇಂಥ ಕಥೆಗಾಗಿಯೇ ಹುಟ್ಟಿದಂತಿದೆ. ಕೊನೆಯ ಪುಟದಲ್ಲಿ ಸತ್ತವನನ್ನು ‘ಇವನು’ ಎಂದುಬಿಟ್ಟರೆ ಯಾರು ಯಾವ ಕಡೆಗೆ ದಾಟಿದರು ಎಂದು ವಿವರಿಸಬೇಕಾಗಿಲ್ಲ.

ಇನ್ನು ಈ ಬಗೆಯ ಕಥೆಗೆ ಒಂದು ಹೆಸರು ಬೇಕು. ‘ಭಯಾನಕ ಪ್ರೇಮಕಥೆ’ ಎಂದರೆ ಪ್ರೇಮವೇ ಭಯಾನಕ ಎಂದಾಗುತ್ತದೆ. ‘ಸಲಿಂಗಕಾಮದ ದೆವ್ವದ ಕಥೆ’ ಎಂಬುದನ್ನು ನಾನಂತೂ ಹೊಡೆದುಹಾಕಿದೆ. ಒಂದು ಮುತ್ತಿಗಾಗಿ ನೂರು ಪುಟ ಕಾಯುವ ಕಥೆಯಲ್ಲಿ ‘ಕಾಮ’ಕ್ಕಿಂತ ‘ಸಲಿಂಗಪ್ರೇಮ’ ಸರಿ. ಅಲಂಕಾರಶಾಸ್ತ್ರದವರು ಭಯಾನಕವನ್ನು ಶೃಂಗಾರಕ್ಕೆ ವಿರೋಧಿ ರಸ ಎಂದು ಎಣಿಸಿದ್ದುಂಟು. ಆದರೆ ನಾಟ್ಯಶಾಸ್ತ್ರ ರೋಮಾಂಚಕ್ಕೆ ಹೇಳುವ ಕಾರಣಗಳಲ್ಲಿ ಭಯವೂ ಇದೆ, ಸ್ಪರ್ಶವೂ ಇದೆ. ಮೈಕೂದಲಿಗೆ ರಸವಿರೋಧ ತಿಳಿಯದು.

ಹೀಗೆ ಹುಡುಕುತ್ತಿದ್ದಾಗ ಸಿಕ್ಕಿದ್ದು ‘ಮರುಳು’. ಇಂದು ಅದಕ್ಕೆ ಮೋಹ, ಭ್ರಮೆ, ಹುಚ್ಚು ಎಂಬ ಅರ್ಥ: ಅವನ ನಗುವಿಗೆ ಮರುಳಾದ, ಜಾತ್ರೆ ಮರುಳೋ ಜನ ಮರುಳೋ. ಹಳಗನ್ನಡದಲ್ಲಿ ‘ಮರುಳ್’ ಎಂದರೆ ಪಿಶಾಚಿಯೂ ಹೌದು; ರನ್ನನ ಗದಾಯುದ್ಧದ ರಣರಂಗದಲ್ಲಿ ಅಲೆಯುವುದು ಈ ಮರುಳುಗಳೇ. ದೆವ್ವ ಮತ್ತು ಮೋಹ ಎರಡನ್ನೂ ಒಂದೇ ಪದ ಹೊತ್ತಿರುವಾಗ ‘ಮರುಳುಗತೆ’ ಎಂದು ಕರೆಯಬಹುದೇ? ಪಿಶಾಚಿ ಎಂಬ ಅರ್ಥದಲ್ಲಿ ‘ಮರುಳು’ ಈಚಿನ ಗದ್ಯದಲ್ಲಿ ಬಳಕೆಯಾದದ್ದನ್ನು ಯಾರಾದರೂ ಕಂಡಿದ್ದೀರಾ? ‘ಮರುಳುಗತೆ’ ಕಿವಿಗೆ ಹುಚ್ಚರ ಕಥೆ ಎಂದು ಕೇಳಿಸುತ್ತದೆಯೇ? ನನ್ನ ಹೆಂಡತಿಗೆ ಹಾಗೆಯೇ ಕೇಳಿಸಿತು.

ಕೊನೆಯದಾಗಿ ಗೆಳೆಯನ ಒಂದು ಸಾಲು: ‘ಕತ್ತಿನ ಮೇಲೆ ಉಸಿರು ತಾಗಿ ಇವನು ಬೆಚ್ಚಿದ, ಮತ್ತೆ ಬೆಚ್ಚಗಾದ.’ ಹೆದರುವ ‘ಬೆಚ್ಚು’ ಹಳಗನ್ನಡದ ‘ಬೆರ್ಚು’ವಿನಿಂದ ಬಂದದ್ದು, ಬಿಸಿಯ ‘ಬೆಚ್ಚಗೆ’ ಬೇರೆಯೇ ಮೂಲದ್ದು. ಬರೀ ಸದ್ದಿನ ಆಟ, ತೆಗೆದುಬಿಡಿ ಎಂದು ಯಾರಾದರೂ ಹೇಳಬಹುದು. ನಾನು ಎರಡು ಸಲ ಗೀಟು ಹಾಕಿ ಎರಡು ಸಲವೂ ಅಳಿಸಿದ್ದೇನೆ.