ಪದಚರ್ಚೆ: ಲಾವು 'ಪ್ರಾಂತ್ಯ'ವೋ, 'ಜಿಲ್ಲೆ'ಯೋ, 'ನಾಡೋ'?

ಕೇಳಿದ್ದು:
ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಫಿಜಿಯ ಲಾವು ದ್ವೀಪಗಳ ಬಗೆಗಿನ ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಫಿಜಿಯಲ್ಲಿ 4 ಡಿವಿಷನ್, ಅವುಗಳೊಳಗೆ 14 ಪ್ರಾವಿನ್ಸ್. ಪ್ರಾವಿನ್ಸ್‌ಗೆ ಅವರು 'ಯಸನ' ಅಂತಾರೆ. ನಾನು 'ಪೂರ್ವ ವಿಭಾಗದ ಲಾವು ಪ್ರಾಂತ್ಯ' ಎಂದು ಬರೆದೆ. ಓದಿದರೆ ತಲೆಕೆಳಗಾದಂತಿದೆ. ನಮ್ಮ ಕಿವಿಗೆ ಪ್ರಾಂತ್ಯ ಅಂದರೆ ಮದ್ರಾಸ್ ಪ್ರಾಂತ್ಯದಷ್ಟು ದೊಡ್ಡದು, ಅಲ್ವಾ? ಲಾವುವಿನಲ್ಲಿರುವುದು 60ರಷ್ಟು ಪುಟ್ಟ ದ್ವೀಪಗಳು. ಸುಮಾರು ಅರ್ಧದಲ್ಲಿ ಮಾತ್ರ ಜನ. ನೆಲವೆಲ್ಲ ಸೇರಿಸಿದರೂ 500 ಚದರ ಕಿ.ಮೀ. ಆಗದು. ಜನ ಹತ್ತು ಸಾವಿರದ ಆಸುಪಾಸು. ನೆಲಕ್ಕೆ 'ವನುವ' ಅನ್ನುವ ಮಾತು, ಲಾವುವಿನ ಮುಖಂಡನಿಗೆ 'ತುಯಿ ಲಾವು' ಅನ್ನುವ ಬಿರುದೂ ಬರುತ್ತವೆ. ಏನು ಮಾಡಲಿ?

ಉತ್ತರ 1:
ಜಿಲ್ಲೆ. ನಮ್ಮಲ್ಲೂ ವಿಭಾಗದೊಳಗೆ ಜಿಲ್ಲೆಯೇ ಇರುವುದು. ಯಸನದ ಕೆಳಗೆ 'ತಿಕಿನ' ಬರುತ್ತದೆ, ಅದಕ್ಕೆ ತಾಲೂಕು ಅನ್ನಿ.

ಉತ್ತರ 2:
ಜಿಲ್ಲೆ, ತಾಲೂಕು ಎರಡೂ ಅರಬ್ಬಿ. ಪ್ರಾಂತ್ಯ ಸಂಸ್ಕೃತ. ಕನ್ನಡ ಸತ್ತುಹೋಯಿತೇ? 'ಸೀಮೆ' ಅನ್ನಿ. 'ದ್ವೀಪ'ವೂ ಬೇಡ. ಕರಾವಳಿಯಲ್ಲಿ ಕುದ್ರು ಇದೆ, ತುಂಗಭದ್ರೆಯಲ್ಲಿ ಗಡ್ಡೆ ಇದೆ, ಹಳೆಯ ಮಾತಿನಲ್ಲಿ ಕುರುವ ಇದೆ.

ಉತ್ತರ 3:
ಸೀಮೆ ಸಂಸ್ಕೃತದ 'ಸೀಮಾ'ದಿಂದಲೇ ಬಂದದ್ದು. ಮೊದಲು ಅದನ್ನು ನೋಡಿಕೊಳ್ಳಿ. ಕುದ್ರು, ಗಡ್ಡೆ ಎರಡೂ ಹೊಳೆಯ ನಡುವಿನವು. ಲಾವು ನಡುಗಡಲಿನದು. ಕೆಲವು ಜ್ವಾಲಾಮುಖಿಯಿಂದ ಎದ್ದ ಗುಡ್ಡಗಳು, ಕೆಲವು ಕಡಲಿನಿಂದ ಮೇಲೆದ್ದ ಸುಣ್ಣಕಲ್ಲು. ಅದನ್ನು ಕುದ್ರು ಅಂದರೆ ಓದುವವರಿಗೆ ಕುಂದಾಪುರದ ಹೊಳೆಬಾಯಿ ಕಾಣುತ್ತದೆ.

ಉತ್ತರ 4:
ನನಗೆ 'ವನುವ' ಮುಖ್ಯ. ಅದು ಬರೀ ನೆಲವಲ್ಲ. ನೆಲ, ಆ ನೆಲದ ಜನ, ಅವರ ಕಟ್ಟುಕಟ್ಟಳೆ ಮೂರೂ ಒಟ್ಟಿಗೆ. ಇದಕ್ಕೆ 'ನಾಡು' ಬಿಟ್ಟು ಬೇರೆ ಪದ ಹುಡುಕಬೇಡಿ. ನಾನು ಕೊಡಗಿನವನು. ನಮ್ಮಲ್ಲಿ ಒಕ್ಕ ಅಂದರೆ ಮನೆತನ, ಆಮೇಲೆ ಊರು, ಅದರ ಮೇಲೆ ನಾಡು, ನಾಡಿಗೆ ತಕ್ಕ ಅನ್ನುವ ಮುಖ್ಯಸ್ಥ. ನಾಡು ಅಂದರೆ ನಮಗೆ ನಕ್ಷೆಯ ಗೆರೆಯಲ್ಲ, ಹಬ್ಬಕ್ಕೆ ಒಟ್ಟು ಸೇರುವ ಜನ. ಹಾಗಾಗಿ ವನುವಕ್ಕೆ ನಾಡು, ಯಸನಕ್ಕೆ ಜಿಲ್ಲೆ.

'ತುಯಿ' ಹಾಗೇ ಇರಲಿ. ಅದನ್ನು ಅರಸ ಅಂದರೆ ಚರಿತ್ರೆಯೇ ತಪ್ಪುತ್ತದೆ. ಟೊಂಗಾದಿಂದ ಬಂದ ಮಾಫುವಿಗೆ 1869ರಲ್ಲಿ ತುಯಿ ಲಾವು ಬಿರುದು ಸಿಕ್ಕಿತು. 1874ರಲ್ಲಿ ಫಿಜಿಯನ್ನು ಬ್ರಿಟಿಷರಿಗೆ ಒಪ್ಪಿಸಿದ ಪತ್ರಕ್ಕೆ ಸಹಿ ಹಾಕಿದವರಲ್ಲಿ ಅವನೂ ಒಬ್ಬ. ಮುಂದೆ ಲಾಲ ಸುಕುನ, ಆಮೇಲೆ ಕಮಿಸೆಸೆ ಮಾರ ತುಯಿ ಲಾವು ಆದರು. ಈ ಮಾರ ಅವರೇ 1970ರಲ್ಲಿ ಸ್ವತಂತ್ರ ಫಿಜಿಯ ಮೊದಲ ಪ್ರಧಾನಿ. ಇದು ಅಪ್ಪನಿಂದ ಮಗನಿಗೆ ಇಳಿದ ಸಿಂಹಾಸನವಲ್ಲ, ಮುಖಂಡರು ಸೇರಿ ಕೊಡುವ ಬಿರುದು. ಹಳೆಯ ಮನೆತನದ ಬಿರುದು 'ತುಯಿ ನಯಾವು' ಬೇರೆ ಇದೆ. ಎರಡನ್ನೂ 'ಅರಸ' ಮಾಡಿದರೆ ಹೇಗೆ ಬಿಡಿಸುತ್ತೀರಿ?

ಇನ್ನೊಂದು ಮಾತು. ಅಲ್ಲಿನ ಮುಖ್ಯ ದ್ವೀಪವನ್ನು 'ಲಕೆಬ' ಎಂದು ಬರೆಯಬೇಡಿ. ಫಿಜಿಯ ಬರಹದ 'ಬ'ಕಾರವನ್ನು ಓದುವಾಗ ಅದಕ್ಕೆ ಮುಂಚೆ ಮೂಗಿನ ದನಿ ಬರುತ್ತದೆ. 'ಲಕೆಂಬ' ಸರಿ. ನಮ್ಮ ಸೊನ್ನೆ ಇದಕ್ಕೆ ಎಷ್ಟು ಚೆನ್ನಾಗಿ ಒದಗುತ್ತದೆ ನೋಡಿ.

ಉತ್ತರ 2:
ಪ್ರತಿ ಊರಿನ ಬಿರುದನ್ನೂ ಹಾಗೇ ಹೊತ್ತು ತಂದರೆ ಅದು ಅನುವಾದವಲ್ಲ. ಒಪ್ಪಲಾರೆ.

ಉತ್ತರ 3:
ನಿಜಾಮ, ಪೇಶ್ವೆ ಯಾರು ಅನುವಾದ ಮಾಡಿದರು? 1879ರಿಂದ ಫಿಜಿಯ ಕಬ್ಬಿನ ತೋಟಕ್ಕೆ ಹೋದ ನಮ್ಮ ದೇಶದ ಕೂಲಿಗಳು 'ಅಗ್ರಿಮೆಂಟ್' ಅನ್ನು 'ಗಿರ್ಮಿಟ್' ಮಾಡಿಕೊಂಡರು. ಅವರ ಮೊಮ್ಮಕ್ಕಳು ಇವತ್ತಿಗೂ ಆ ಕಾಲವನ್ನು ಅದೇ ಹೆಸರಿನಿಂದ ನೆನೆಯುತ್ತಾರೆ. ಸಾಲದ ಪದ ಅಂತ ಅದನ್ನು ಕಿತ್ತುಹಾಕುತ್ತೀರಾ? ಬಾಯಿಗೆ ಒಗ್ಗಿದ್ದು ನಮ್ಮದು.

ಕೇಳಿದವರು:
'ಪೂರ್ವ ವಿಭಾಗದ ಲಾವು ಜಿಲ್ಲೆ' ಎಂದು ತಿದ್ದಿದೆ. ವನುವಕ್ಕೆ ನಾಡು, ತುಯಿ ಹಾಗೇ, ಲಕೆಂಬಕ್ಕೆ ಸೊನ್ನೆ. ದ್ವೀಪವನ್ನು ಮುಟ್ಟಲಿಲ್ಲ. 'ಕುರುವ' ನನಗೆ ಇಷ್ಟವಾಯಿತು, ಆದರೆ ಓದುವವರಿಗೆ ಅರ್ಥ ಹೇಳುತ್ತ ಕೂರಲು ಜಾಗವಿಲ್ಲ.