ಸಹಾಯ ಬೇಕು: ಪಾತ್ರದ ಅಡ್ಡಹೆಸರು ಅದರ ಆಯುಧಕ್ಕೆ ಹೊಂದಬೇಕೆ?

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಆನೆಗೊಂದಿಯ ಬಂಡೆಗುಡ್ಡಗಳನ್ನೂ ತುಂಗಭದ್ರೆಯ ದಂಡೆಯನ್ನೂ ಹೋಲುವ ಕಲ್ಪಿತ ರಾಜ್ಯವೊಂದರಲ್ಲಿ ನಡೆಯುವ ಫ್ಯಾಂಟಸಿ ಕಾದಂಬರಿಯೊಂದನ್ನು ಬರೆಯುತ್ತಿದ್ದು, ಪಾತ್ರಗಳ ಅಡ್ಡಹೆಸರಿನ (ಅಂದರೆ ಮನೆತನದ ಹೆಸರಿನ) ವಿಷಯದಲ್ಲಿ ನಿಮ್ಮ ಸಲಹೆ ಬೇಕಾಗಿದೆ.

ಕತ್ತಿವರಸೆಯಲ್ಲಿ ನಿಪುಣಳಾದ ನಾಯಕಿಗೆ 'ಕತ್ತಿ' ಎಂದೂ, ಸಿಡುಕು ಸ್ವಭಾವದ ಸೇನಾನಿಗೆ 'ಮೆಣಸಿನಕಾಯಿ' ಎಂದೂ ಅಡ್ಡಹೆಸರು ಇಟ್ಟಿದ್ದೇನೆ. ಇವೆರಡೂ ಉತ್ತರ ಕರ್ನಾಟಕದಲ್ಲಿ ನಿಜವಾಗಿ ಇರುವ ಮನೆತನದ ಹೆಸರುಗಳೇ ಆದ್ದರಿಂದ ಕೃತಕವೆನಿಸುವುದಿಲ್ಲ ಎಂಬುದು ನನ್ನ ವಾದ. ಆದರೆ ಹಸ್ತಪ್ರತಿ ಓದಿದ ಗೆಳೆಯರೊಬ್ಬರು, ಹೆಸರು ಕೇಳಿದೊಡನೆಯೇ ಪಾತ್ರದ ಗುಟ್ಟು ರಟ್ಟಾಗುತ್ತದೆ ಎಂದು ಆಕ್ಷೇಪಿಸಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ: ಅಡ್ಡಹೆಸರು ಸಾಮಾನ್ಯವಾಗಿ ಹಿರಿಯರ ಕಸುಬಿನಿಂದಲೋ ಊರಿನಿಂದಲೋ ಬರುತ್ತದೆಯೇ ಹೊರತು ಹುಟ್ಟಿದ ಕೂಸಿನ ಗುಣವನ್ನು ನೋಡಿ ಬರುವುದಿಲ್ಲ. ಬಡಿಗೇರ ಮನೆತನದವರು ಬ್ಯಾಂಕಿನಲ್ಲಿರುತ್ತಾರೆ, ಕಮ್ಮಾರ ಮನೆತನದವರು ಶಾಲೆಯಲ್ಲಿ ಪಾಠ ಹೇಳುತ್ತಾರೆ.

ಇನ್ನೊಂದೆಡೆ, ಗಾಂಡೀವ ಹಿಡಿದ ಅರ್ಜುನ ಗಾಂಡೀವಿಯಾದ, ನೇಗಿಲು ಹೊತ್ತ ಬಲರಾಮ ಹಲಾಯುಧನಾದ, ವಿಜಯನಗರದ ಅರಸರು 'ಮೂರು ರಾಯರ ಗಂಡ' (ಮೂವರು ಅರಸರನ್ನು ಮೀರಿಸಿದ ವೀರ) ಎನಿಸಿಕೊಂಡರು. ಇವು ಹೆಸರಿಗೆ ಸೇರಿಕೊಂಡ ಬಿರುದುಗಳು. ಹಾಗಾಗಿ ಆಯುಧದ ಹೆಸರನ್ನು ನಾಯಕಿಗೆ ಮೊದಲ ಯುದ್ಧದ ನಂತರ ಬಿರುದಾಗಿ ಕೊಟ್ಟು, ಅಡ್ಡಹೆಸರನ್ನು ಬೇರೆಯೇ ಇಡುವುದು ಮೇಲೆಂದು ತೋರುತ್ತಿದೆ. (ಮೆಣಸಿನಕಾಯಿಯನ್ನು ಬಿಡಲು ಮಾತ್ರ ಮನಸ್ಸಿಲ್ಲ, ಅದನ್ನು ಅತ್ಯಂತ ಸೌಮ್ಯ ಪಾತ್ರಕ್ಕೆ ಇಟ್ಟರೆ ಹೇಗೆ?)

ಓದುಗರಾಗಿ ನಿಮಗೆ ಯಾವುದು ಹಿಡಿಸುತ್ತದೆ? 'ಕತ್ತಿ' ಉಳಿಯಲಿ ಎನ್ನುವವರು, ಆ ಮನೆತನಕ್ಕೆ ಅದು ಹೇಗೆ ಬಂತೆಂದು ಕಥೆಯೊಳಗೆ ವಿವರಿಸಬೇಕೇ ಬೇಡವೇ ಎಂಬುದನ್ನೂ ದಯವಿಟ್ಟು ತಿಳಿಸಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಅಪರೂಪದ ಅಡ್ಡಹೆಸರುಗಳು ಗೊತ್ತಿದ್ದರೆ ಅವನ್ನೂ ಬರೆಯಿರಿ.